ಐದು ನಾಡುಗಳ ಆನೆದಾರಿಯಲ್ಲಿ

ಆಫ್ರಿಕಾ ಖಂಡದ ದಕ್ಷಿಣ ಭಾಗವನ್ನು ನೋಡಬಯಸುವವರಿಗೆ ಎರಡು ಬಗೆಯ ಪಯಣಗಳುಂಟು. ವಿಮಾನದಲ್ಲಿ ಹಾರಿ ಅರಣ್ಯದ ನಡುವಣ ವಸತಿಗೃಹಗಳಲ್ಲಿ ಇಳಿಯುವುದು ಒಂದು. ಡೇರೆ, ಹಾಸಿಗೆ, ಅಡಿಗೆಯ ಪಾತ್ರೆ, ಕುಡಿಯುವ ನೀರು ಎಲ್ಲವನ್ನೂ ಲಾರಿಯೊಂದಕ್ಕೆ ಹೇರಿಕೊಂಡು, ಇರುಳಾದಲ್ಲಿ ಬಿಡಾರ ಹೂಡುತ್ತ ನೆಲದ ಮೇಲೆಯೇ ಸಾಗುವುದು ಇನ್ನೊಂದು. ಈ ಎರಡನೆಯ ಬಗೆಯಲ್ಲಿ ಸುಮಾರು ಇಪ್ಪತ್ತು ಮಂದಿ ಒಟ್ಟಾಗಿ ಹೊರಡುತ್ತಾರೆ. ತಮ್ಮ ಡೇರೆಯನ್ನು ತಾವೇ ಹೂಡಬೇಕು. ಸರದಿಯ ಮೇಲೆ ತರಕಾರಿ ಹೆಚ್ಚಬೇಕು, ಪಾತ್ರೆ ತೊಳೆಯಬೇಕು. ನಮೀಬಿಯಾದ ರಾಜಧಾನಿ ವಿಂಡ್‌ಹುಕ್‌ನಿಂದ ಹೊರಟು ಜಾಂಬೆಜಿ ನದಿಯ ಮಹಾಜಲಪಾತದಲ್ಲಿ ಮುಗಿಯುವ ದಾರಿ ಇಂಥ ಪಯಣಗಳಲ್ಲಿ ಬಹು ಪ್ರಸಿದ್ಧವಾದುದು. ಮನುಷ್ಯನು ಎಳೆದ ಗೆರೆಗೂ ಪ್ರಾಣಿಯು ತುಳಿದ ದಾರಿಗೂ ಇರುವ ಹಳೆಯ ವ್ಯಾಜ್ಯವನ್ನು ಈ ಮಾರ್ಗದಲ್ಲಿ ಕಣ್ಣಾರೆ ಕಾಣಬಹುದು.

ಮೊದಲ ದೊಡ್ಡ ಬಿಡಾರ ಎಟೋಷಾ. 1907ರಷ್ಟು ಹಿಂದೆಯೇ ರಕ್ಷಿತ ಪ್ರದೇಶವೆಂದು ಸಾರಲಾದ ಈ ವನದ ವಿಸ್ತಾರ 22,000 ಚದರ ಕಿಲೋಮೀಟರಿಗೂ ಅಧಿಕ. ನಡುವೆ ಸುಮಾರು 130 ಕಿಲೋಮೀಟರ್ ಉದ್ದದ ಬಿಳಿಯ ಉಪ್ಪುಬಯಲು ಹಾಸಿಕೊಂಡಿದೆ. ಮಳೆಯಿಲ್ಲದ ತಿಂಗಳುಗಳಲ್ಲಿ ನೀರೆಲ್ಲ ಬತ್ತಿದಾಗ ಉಳಿದ ಕೆಲವೇ ಹೊಂಡಗಳಿಗೆ ಮೃಗಗಳು ಬಂದೇ ತೀರಬೇಕು. ಒಕಾಕುಯೋ ಎಂಬಲ್ಲಿ ಬಿಡಾರದ ಅಂಚಿನಲ್ಲೇ ಅಂಥದೊಂದು ಹೊಂಡವಿದ್ದು, ಇರುಳೆಲ್ಲ ಮಂದವಾದ ದೀಪ ಉರಿಯುತ್ತದೆ. ಕಲ್ಲುಗೋಡೆಯ ಈಚೆ ಉಸಿರು ಬಿಗಿಹಿಡಿದು ಕುಳಿತರೆ, ಕಪ್ಪು ಘೇಂಡಾಮೃಗವು ಬಂದು ನೀರು ಕುಡಿಯುವ ಸದ್ದು ಕೂಡ ಕೇಳಿಸುತ್ತದೆ. ಆದರೆ ಎಟೋಷಾದ ಸುತ್ತ ಬೇಲಿಯುಂಟು.

ಇಲ್ಲಿಂದ ಈಶಾನ್ಯಕ್ಕೆ ಸಾಗುವಾಗ ದಾರಿಗೆ ಅಡ್ಡಲಾಗಿ ಇನ್ನೊಂದು ಬೇಲಿ ಎದುರಾಗುತ್ತದೆ. ಕಾಲುಬಾಯಿ ಜ್ವರವು ದಕ್ಷಿಣದ ದೊಡ್ಡ ಪಶುಶಾಲೆಗಳಿಗೆ ಹರಡದಂತೆ ತಡೆಯಲು ಹಾಕಿದ ಇದನ್ನು ಅಲ್ಲಿನವರು ‘ಕೆಂಪು ಗೆರೆ’ ಎನ್ನುತ್ತಾರೆ. ಬೋಟ್ಸ್ವಾನಾ ದೇಶದಲ್ಲಿಯೂ ಇಂಥ ಬೇಲಿಗಳು ಬಹಳ. ಅಲ್ಲಿ ತಪಾಸಣೆಯ ಠಾಣೆಗಳಲ್ಲಿ ಪಯಣಿಗರು ಹಸಿಮಾಂಸವನ್ನು ಒಪ್ಪಿಸಿ, ಪಾದರಕ್ಷೆಗಳನ್ನು ಔಷಧದ ನೀರಿನಲ್ಲಿ ಅದ್ದಿ ಮುಂದೆ ಹೋಗಬೇಕು. ಹೊರದೇಶಗಳಿಗೆ ಗೋಮಾಂಸ ಮಾರುವ ವ್ಯಾಪಾರಕ್ಕೆ ಬೇಲಿ ಕಾವಲಾಯಿತು. ನೀರನ್ನರಸಿ ಹೊರಟ ಕಾಡುಪ್ರಾಣಿಗಳಿಗೆ ಮೃತ್ಯುವಾಯಿತು. ಬರಗಾಲಗಳಲ್ಲಿ ವಿಲ್ಡಬೀಸ್ಟ್ ಎಂಬ ಹುಲ್ಲೆಗಳು ಸಹಸ್ರಾರು ಸಂಖ್ಯೆಯಲ್ಲಿ ತಂತಿಯ ಮಗ್ಗುಲಲ್ಲೇ ಸತ್ತವು.

ಹಾಗಾದರೆ ಮುಚ್ಚಿದ ದಾರಿ ಮರೆತೇಹೋಗುವುದೆ? ಇದಕ್ಕೆ ಜೀಬ್ರಾಗಳು ಉತ್ತರ ಕೊಟ್ಟಿವೆ. ಒಕವಾಂಗೋ ನದಿಯ ಜೌಗುನೆಲದಿಂದ ಮಕ್ಗಡಿಕ್ಗಡಿ ಉಪ್ಪುಬಯಲಿಗೆ ಅವು ಹೋಗಿಬರುತ್ತಿದ್ದ ದಾರಿಗೆ 1968ರಲ್ಲಿ ಬೇಲಿ ಬಿತ್ತು. 2004ರಲ್ಲಿ ಅದನ್ನು ತೆಗೆದುಹಾಕಿದ ಕೆಲವೇ ವರ್ಷಗಳಲ್ಲಿ ಜೀಬ್ರಾಗಳು ಅದೇ ದೀರ್ಘಯಾತ್ರೆಗೆ ಮತ್ತೆ ಹೊರಟುದನ್ನು ವಿಜ್ಞಾನಿಗಳು ಗುರುತಿಸಿದರು. ಹಳೆಯ ದಾರಿಯನ್ನು ತುಳಿದಿದ್ದ ಒಂದು ಜೀಬ್ರಾವೂ ಅಷ್ಟು ಹೊತ್ತಿಗೆ ಬದುಕಿರುವುದು ಸಾಧ್ಯವಿರಲಿಲ್ಲ.

ರುಂಡು ಪಟ್ಟಣವನ್ನು ದಾಟಿದ ಮೇಲೆ ನಮೀಬಿಯಾದ ಭೂಪಟ ವಿಚಿತ್ರವಾಗುತ್ತದೆ. ಉತ್ತರಕ್ಕೆ ಅಂಗೋಲಾ, ದಕ್ಷಿಣಕ್ಕೆ ಬೋಟ್ಸ್ವಾನಾ, ನಡುವೆ ಚಾಚಿದ ಬೆರಳಿನಂತೆ ಸುಮಾರು 450 ಕಿಲೋಮೀಟರ್ ಉದ್ದದ ನೆಲ. ಇದೇ ಕ್ಯಾಪ್ರಿವಿ ಪಟ್ಟಿ. 1890ರಲ್ಲಿ ಜರ್ಮನಿ ಮತ್ತು ಬ್ರಿಟನ್ ಮಾಡಿಕೊಂಡ ಒಪ್ಪಂದದಿಂದ ಇದು ಜರ್ಮನರ ಪಾಲಾಯಿತು. ಜಾಂಬೆಜಿ ನದಿಯನ್ನು ಸೇರಿ ಪೂರ್ವದ ಕಡಲಿಗೆ ದಾರಿ ಮಾಡಿಕೊಳ್ಳಬೇಕೆಂಬುದು ಅವರ ಆಸೆ. ಆ ದಾರಿಗೆ ಅಡ್ಡಲಾಗಿ ನೂರು ಮೀಟರಿಗೂ ಮಿಗಿಲು ಎತ್ತರದ ಜಲಪಾತವಿತ್ತು! ಆ ಗಡಿಯ ಅರಿವಿಲ್ಲದ ಆನೆಗಳು ಇಂದಿಗೂ ಅಂಗೋಲಾದಿಂದ ಬೋಟ್ಸ್ವಾನಾಕ್ಕೆ ಈ ಪಟ್ಟಿಯನ್ನು ಅಡ್ಡಹಾಯ್ದೇ ನಡೆಯುತ್ತವೆ. ಅಂಗೋಲಾದ ಅಂತರ್ಯುದ್ಧ 2002ರಲ್ಲಿ ನಿಂತ ಬಳಿಕ, ನೆಲಬಾಂಬುಗಳು ಇನ್ನೂ ಉಳಿದಿದ್ದ ಆ ಕಾಡುಗಳಿಗೂ ಅವು ಹಿಂತಿರುಗಿದವು.

ಇಲ್ಲಿನ ಬ್ವಾಬ್ವಾಟಾ ರಾಷ್ಟ್ರೀಯ ಉದ್ಯಾನಕ್ಕೆ ಎಟೋಷಾದಂತೆ ಸುತ್ತುಬೇಲಿಯಿಲ್ಲ. ಅದರೊಳಗೆ ಜನರೂ ವಾಸಿಸುತ್ತಾರೆ. ಬಿಡಾರಕ್ಕೂ ಕಾಡಿಗೂ ನಡುವೆ ಡೇರೆಯ ಬಟ್ಟೆಯೊಂದೇ ಮರೆ. ಆದುದರಿಂದ ನಿಯಮಗಳು ಕಠಿಣ: ಕತ್ತಲಾದ ಮೇಲೆ ಒಬ್ಬರೇ ಅಡ್ಡಾಡಬಾರದು, ನದಿಯ ಅಂಚಿಗೆ ಹೋಗಬಾರದು, ಡೇರೆಯೊಳಗೆ ಹಣ್ಣು ಇಟ್ಟುಕೊಳ್ಳಬಾರದು. ಕಿತ್ತಳೆಯ ವಾಸನೆ ಆನೆಗೆ ಬಹುದೂರದಿಂದಲೇ ತಿಳಿಯುತ್ತದೆ.

ಪಯಣಿಗನಿಗೆ ಇದು ಒಂದೆರಡು ರಾತ್ರಿಗಳ ರೋಮಾಂಚ. ಅಲ್ಲಿನ ರೈತನಿಗೆ ವರ್ಷವಿಡೀ ಬಾಳು. ಉತ್ತರ ನಮೀಬಿಯಾದ ಜನರು ‘ಮಹಾಂಗು’ ಎಂದು ಬೆಳೆಯುವ ಧಾನ್ಯ ಬೇರಾವುದೂ ಅಲ್ಲ, ಸೊಲ್ಲಾಪುರ, ಜತ್ತ ಸೀಮೆಯ ನಮ್ಮವರು ಬಲ್ಲ ಸಜ್ಜೆಯೇ. ಸಜ್ಜೆ, ಜೋಳ, ರಾಗಿ ಮೂರೂ ಸಹಸ್ರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ನಮ್ಮ ನೆಲಕ್ಕೆ ಬಂದ ಬೆಳೆಗಳು. ತೆನೆ ಹಣ್ಣಾಗುವ ಕಾಲದಲ್ಲಿ ಆನೆಗಳ ಹಿಂಡು ಒಂದು ಇರುಳು ಹೊಲಕ್ಕಿಳಿದರೆ ಮನೆಯವರ ವರ್ಷದ ಅನ್ನ ಮುಗಿದಂತೆಯೇ. ಇದನ್ನು ತಡೆಯಲು ಈ ಪ್ರದೇಶದ ರೈತರು ತಮಟೆ ಬಡಿಯುತ್ತಾರೆ. ಕೆಲವೆಡೆ ಆನೆಯ ಲದ್ದಿಯಲ್ಲಿ ಒಣಮೆಣಸಿನ ಪುಡಿ ಕಲಸಿ ಒಣಗಿಸಿ, ಅದರ ಘಾಟುಹೊಗೆ ಹಾಕುತ್ತಾರೆ. 1996ರಲ್ಲಿ ನಮೀಬಿಯಾ ಮಾಡಿದ ಕಾಯಿದೆಯಂತೆ, ಹಳ್ಳಿಗರು ಸಂಘ ಕಟ್ಟಿಕೊಂಡು ತಮ್ಮ ನೆಲದ ವನ್ಯಮೃಗಗಳಿಂದ, ಪ್ರವಾಸಿಗರಿಂದ ಬರುವ ಆದಾಯದಲ್ಲಿ ಪಾಲು ಪಡೆಯಬಹುದು. ಕಾಡನ್ನು ಕಾಯುವುದರಿಂದ ರೈತನಿಗೂ ಲಾಭವಿರಬೇಕೆಂಬ ಈ ನೀತಿ ನ್ಯಾಯವಾದುದು. ಆದರೆ ಸಂಘದ ಆದಾಯವು ತುಳಿಸಿಕೊಂಡ ಹೊಲವನ್ನು ಮರಳಿ ಕೊಡಲಾರದು.

ಪಟ್ಟಿಯ ಪೂರ್ವತುದಿಯನ್ನು ಮುಟ್ಟಿ ಬೋಟ್ಸ್ವಾನಾಕ್ಕೆ ಕಾಲಿಟ್ಟರೆ ಚೋಬೆ ನದಿ. ಇದರ ನಡುವೆ ಸೆಡುಡು ಎಂಬ, ನೆರೆಗೆ ಮುಳುಗುವ ಒಂದು ಪುಟ್ಟ ಹುಲ್ಲುದ್ವೀಪವಿದೆ. ಕೆಲವೇ ಚದರ ಕಿಲೋಮೀಟರಿನ ಈ ನೆಲಕ್ಕಾಗಿ ನಮೀಬಿಯಾ, ಬೋಟ್ಸ್ವಾನಾ ಎರಡೂ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ಮೆಟ್ಟಿಲೇರಿದವು. 1999ರಲ್ಲಿ ತೀರ್ಪು ಬೋಟ್ಸ್ವಾನಾದ ಪರವಾಯಿತು. ಸಂಜೆ ದೋಣಿಯಲ್ಲಿ ಕುಳಿತು ನೋಡಿದರೆ, ಸೊಂಡಿಲನ್ನು ಮೇಲೆತ್ತಿ, ಮರಿಗಳನ್ನು ನಡುವಿಟ್ಟುಕೊಂಡು ಆ ದ್ವೀಪಕ್ಕೆ ಈಜುವ ಆನೆಗಳು ಕಾಣುತ್ತವೆ. ಅವುಗಳಿಗೆ ಅದು ಕೇವಲ ಹುಲ್ಲು.

ವ್ಯಾಜ್ಯವಾಡಿದ ಈ ದೇಶಗಳೇ ಮುಂದೆ ಒಂದುಗೂಡಿದವು. 2011ರಲ್ಲಿ ಅಂಗೋಲಾ, ಬೋಟ್ಸ್ವಾನಾ, ನಮೀಬಿಯಾ, ಜಾಂಬಿಯಾ, ಜಿಂಬಾಬ್ವೆ ಐದೂ ಸೇರಿ ಸುಮಾರು 5,20,000 ಚದರ ಕಿಲೋಮೀಟರಿನ ಸಂರಕ್ಷಣ ಪ್ರದೇಶಕ್ಕೆ ಸಹಿ ಹಾಕಿದವು. ಇದು ಕರ್ನಾಟಕದ ಎರಡೂವರೆ ಪಟ್ಟಿಗೂ ಹೆಚ್ಚಿನ ನೆಲ. 2022ರ ವೈಮಾನಿಕ ಗಣತಿಯಲ್ಲಿ ಇಲ್ಲಿ ಸುಮಾರು 2,28,000 ಆನೆಗಳಿರುವುದಾಗಿ ಅಂದಾಜಾಯಿತು. ಗಣತಿಯನ್ನು ಐದೂ ದೇಶಗಳು ಒಟ್ಟಾಗಿ ನಡೆಸಿದವು. ಎರಡು ಕಡೆ ಓಡಾಡುವ ಆನೆಯನ್ನು ಎರಡು ಸಲ ಎಣಿಸದಿರಲು ಅದು ಅವಶ್ಯವಾಗಿತ್ತು.

ಅಲ್ಲಿಂದ ಮುಂದೆ 2021ರಲ್ಲಿ ತೆರೆದ ಕಜುಂಗುಲಾ ಸೇತುವೆಯ ಮೇಲೆ ಜಾಂಬೆಜಿಯನ್ನು ದಾಟಿದರೆ ಜಾಂಬಿಯಾ. ಬಳಿಕ ‘ಮೊರೆಯುವ ಹೊಗೆ’ ಎಂದು ಅಲ್ಲಿನವರು ಕರೆಯುವ ವಿಕ್ಟೋರಿಯಾ ಜಲಪಾತ. ಅಲ್ಲಿಗೆ ಪಯಣ ಮುಗಿಯುತ್ತದೆ.

ನಮ್ಮ ಓದುಗರಿಗೆ ಈ ಕಥೆ ತೀರ ದೂರದ್ದಲ್ಲ. ನಾಗರಹೊಳೆ, ಬಂಡೀಪುರ, ವಯನಾಡು, ಮುದುಮಲೆ ಎಂದು ಮೂರು ರಾಜ್ಯಗಳ ಕಡತಗಳಲ್ಲಿ ಬೇರೆ ಬೇರೆ ಹೆಸರಿದ್ದರೂ ಆನೆಗೆ ಅದು ಒಂದೇ ಕಾಡು. ಕಬ್ಬಿನ ಹೊಲದಲ್ಲಿ ರಾತ್ರಿಯಿಡೀ ಕಾವಲು ಕೂರುವ ತಾಳವಾಡಿಯ ರೈತನಿಗೆ ಬ್ವಾಬ್ವಾಟಾದ ರೈತನ ಸಂಕಟವನ್ನು ವಿವರಿಸಿ ಹೇಳಬೇಕಾಗಿಲ್ಲ. ಆನೆಯ ದಾರಿಯನ್ನು ತೆರೆದಿಡಲು ಐದು ದೇಶಗಳು ಒಪ್ಪಿಕೊಂಡಿವೆ. ಆ ದಾರಿಯ ಬದಿಯಲ್ಲಿ ಬಿತ್ತಿ ಬೆಳೆಯುವವನ ನಷ್ಟವನ್ನು ಯಾರು ಎಷ್ಟು ಹೊರಬೇಕೆಂಬ ಲೆಕ್ಕ ಮಾತ್ರ ಅಲ್ಲಿಯೂ ಇಲ್ಲಿಯೂ ಬಾಕಿಯಿದೆ.