ರೆಕಾರ್ಡ್ ಡಿಲೀಟ್ ಆಗೋ ಮುಂಚೆ ಅದರ ವಿವರ ಎತ್ತಿಟ್ಟುಕೊಳ್ಳೋದು ಹೇಗೆ?

ಈ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನ ಓದೋಕೆ ಅನುಕೂಲ ಆಗ್ಲಿ ಅಂತ ಇಲ್ಲಿ ಬರೆದಿದ್ದೀನಿ.

ಹೈದರಾಬಾದಿಗೆ ಬಂದ ನಮ್ಮಲ್ಲಿ ಅನೇಕರು ಹಳೇ ಪುಸ್ತಕ ಹುಡುಕಿಕೊಂಡು ಕೋಠಿಗೆ ಹೋಗಿರ್ತೀವಿ. ಅಲ್ಲಿನ ಒಬ್ಬ ಅಂಗಡಿಯವರಿಗೆ ನಾನು ಜಾಂಗೋದಲ್ಲಿ ಸಣ್ಣದೊಂದು ಸ್ಟಾಕ್ ಆ್ಯಪ್ ಮಾಡಿಕೊಟ್ಟಿದ್ದೆ. ಹಳೇ ಪುಸ್ತಕ ಅಂದ್ರೆ ಇರೋದೇ ಒಂದು ಪ್ರತಿ. ಮಾರಾಟ ಆದ ಕೂಡಲೇ ರೆಕಾರ್ಡ್ ಡಿಲೀಟ್. ಆದರೆ ಮುಖಪುಟದ ಫೋಟೋ ಮಾತ್ರ ಸರ್ವರ್‌ನಲ್ಲೇ ಉಳೀತಿತ್ತು, ಡಿಸ್ಕ್ ತುಂಬುತ್ತಾ ಬಂತು.

ಸರಿ, ಪ್ರೀ-ಡಿಲೀಟ್ ಸಿಗ್ನಲ್ ಹಾಕಿದೆ. ರೆಕಾರ್ಡ್ ಅಳಿಯೋ ಮುಂಚೆ ಜಾಂಗೋ ಆ ಆಬ್ಜೆಕ್ಟನ್ನ ನಮ್ಮ ಫಂಕ್ಷನ್ ಕೈಗೆ ಕೊಡುತ್ತೆ. ಅದರಿಂದ ಫೋಟೋದ ಹೆಸರು ತಗೊಂಡು ಅಲ್ಲೇ ಫೈಲ್ ಅಳಿಸಿಬಿಟ್ಟೆ. ತಪ್ಪಾಗಿದ್ದು ಇಲ್ಲೇ.

ಒಂದು ದಿನ ಒಬ್ಬರೇ ಗಿರಾಕಿ ಮೂವತ್ತು ಪುಸ್ತಕ ಕೊಂಡರು. ಡಿಲೀಟು, ಬಿಲ್ಲು ಎರಡೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿದ್ವು. ಕೊನೇಲಿ ಬಿಲ್ ಎಂಟ್ರಿ ಎರರ್ ಹೊಡೀತು, ಎಲ್ಲಾ ರೋಲ್‌ಬ್ಯಾಕ್ ಆಯ್ತು. ಮೂವತ್ತು ರೆಕಾರ್ಡೂ ವಾಪಸ್ ಬಂದ್ವು, ಫೋಟೋ ಒಂದೂ ಬರಲಿಲ್ಲ. ಡೇಟಾಬೇಸಿಗೆ ರೋಲ್‌ಬ್ಯಾಕ್ ಇದೆ, ಡಿಸ್ಕಿಗೆ ಇಲ್ಲ. ಅಂಗಡಿಯವರು ಕಟ್ಟಿಟ್ಟ ಗಂಟು ಬಿಚ್ಚಿ ಮತ್ತೆ ಒಂದೊಂದೇ ಫೋಟೋ ತೆಗೀಬೇಕಾಯ್ತು.

ಹಳೇ ಜಾಂಗೋ ಈ ಫೈಲನ್ನ ತಾನೇ ಅಳಿಸ್ತಿತ್ತು. 2011ರ 1.3 ಆವೃತ್ತಿಯಲ್ಲಿ ಅದನ್ನ ನಿಲ್ಲಿಸಿದರು. ಕೊಟ್ಟ ಕಾರಣಗಳಲ್ಲಿ ರೋಲ್‌ಬ್ಯಾಕ್ ಆದಾಗ ಡೇಟಾ ಕಳೆದುಹೋಗೋದೂ ಒಂದು. ಅವರು ತೆಗೆದು ಹಾಕಿದ ತಪ್ಪನ್ನ ನಾನು ಮತ್ತೆ ತಂದು ಹಾಕಿದ್ದೆ!

ಸರಿಯಾದ ದಾರಿ ಎರಡು ಹೆಜ್ಜೆಯದ್ದು. ಪ್ರೀ-ಡಿಲೀಟ್‌ನಲ್ಲಿ ಬೇಕಾದ ಬೆಲೆಗಳನ್ನ ಬೇರೆ ವೇರಿಯಬಲ್‌ಗಳಿಗೆ ಎತ್ತಿಟ್ಟುಕೊಳ್ಳಿ. ಅಳಿಸೋದು, ಮೆಸೇಜ್ ಕಳಿಸೋದು ಇಂಥ ವಾಪಸ್ ಬರದ ಕೆಲಸಗಳನ್ನ ಆನ್-ಕಮಿಟ್‌ಗೆ ಒಪ್ಪಿಸಿ. ಕಮಿಟ್ ಆದರೆ ಮಾತ್ರ ಅದು ನಡೆಯುತ್ತೆ.

ಆಬ್ಜೆಕ್ಟನ್ನೇ ಇಟ್ಟುಕೊಂಡ್ರೆ ಸಾಲದಾ? ಸಾಲದು. ಡಿಲೀಟ್ ಮುಗಿದ ಮೇಲೆ ಜಾಂಗೋ ಅದರ ಐಡಿಯನ್ನ ಖಾಲಿ ಮಾಡುತ್ತೆ. ಪೋಸ್ಟ್-ಡಿಲೀಟ್ ಹೊತ್ತಿಗೆ ಪುಸ್ತಕದ ಸ್ವಂತ ಫೀಲ್ಡುಗಳು ಮೆಮೊರಿಯಲ್ಲಿ ಇರ್ತವೆ, ಆದರೆ ಮೆನಿ-ಟು-ಮೆನಿ ಕೊಂಡಿಗಳು, ಅಂದ್ರೆ ವಿಷಯದ ಟ್ಯಾಗುಗಳಂಥವು, ಡೇಟಾಬೇಸಿನಿಂದ ಹೋಗಿರ್ತವೆ. ಹಾಗಾಗಿ ಮುಂಚೆಯೇ ಓದಿಕೊಳ್ಳಿ.

ಇನ್ನೊಂದು ಮಾತು. ಕೆಲವರು ಮಾಡೆಲ್‌ನ ಡಿಲೀಟ್ ಮೆಥಡ್ಡನ್ನೇ ತಿದ್ದಿ ಬರೀತಾರೆ. ಅಡ್ಮಿನ್‌ನಲ್ಲಿ ಹತ್ತು ಸಾಲು ಟಿಕ್ ಮಾಡಿ ಒಟ್ಟಿಗೆ ಅಳಿಸಿದ್ರೆ ಆ ಮೆಥಡ್ ಓಡೋದೇ ಇಲ್ಲ, ಸಿಗ್ನಲ್ ಓಡುತ್ತೆ. ರೈಲ್ಸ್‌ನಲ್ಲೂ ಹೀಗೇ: ಡಿಸ್ಟ್ರಾಯ್ ಅಂದ್ರೆ ಬಿಫೋರ್-ಡಿಸ್ಟ್ರಾಯ್ ನಡೆಯುತ್ತೆ, ಡಿಲೀಟ್ ಅಂದ್ರೆ ಇಲ್ಲ. ನೇರ ಎಸ್‌ಕ್ಯೂಎಲ್‌ನಲ್ಲಿ ಅಳಿಸಿದ್ರೆ ಫ್ರೇಮ್‌ವರ್ಕಿಗೆ ಸುದ್ದಿಯೇ ಹೋಗಲ್ಲ. ಆಗ ಟ್ರಿಗರ್‌ನ ಓಲ್ಡ್ ಇದೆ. ಪೋಸ್ಟ್‌ಗ್ರೆಸ್ ಆದ್ರೆ ಡಿಲೀಟ್ ಜೊತೆ ರಿಟರ್ನಿಂಗ್ ಬರೆದರೆ ಅಳಿದ ಸಾಲೇ ಕೈಗೆ ಬರುತ್ತೆ.

ಇವತ್ತೇ ನಿಮ್ಮ ಪ್ರಾಜೆಕ್ಟ್‌ನಲ್ಲಿ ಡಿಲೀಟ್ ಅಂತ ಒಮ್ಮೆ ಹುಡುಕಿ ನೋಡಿ. ಅದರ ಪಕ್ಕದಲ್ಲೇ ಫೈಲ್ ಅಳಿಸೋ ಸಾಲೋ, ಎಸ್‌ಎಂಎಸ್ ಕಳಿಸೋ ಸಾಲೋ ಇದ್ರೆ, ಕಮಿಟ್ ಆದ ಮೇಲೆ ನಡೆಯೋ ಹಾಗೆ ಅದನ್ನ ಮುಂದಕ್ಕೆ ಸರಿಸಿ. ಮುಂದಿನ ವಿಡಿಯೋದಲ್ಲಿ ಸಿಗೋಣ.