ಅಂಚೆಯ ಮದ್ದೋ, ನಾಡಿ ಹಿಡಿದ ಮದ್ದೋ?

ಮಂಗಳೂರಿನ ನಂತೂರು ವೃತ್ತವನ್ನು ಬಿಟ್ಟು ಮೂಡುಬಿದಿರೆಯ ದಾರಿ ಹಿಡಿದವರಿಗೆ ಸ್ವಲ್ಪದರಲ್ಲೇ ಬಿಕರ್ನಕಟ್ಟೆ ಸಿಗುತ್ತದೆ. ಕಾರ್ಮೆಲ್ ಗುಡ್ಡದ ಬಾಲಯೇಸುವಿನ ಪುಣ್ಯಕ್ಷೇತ್ರದಿಂದಾಗಿ ಈ ಹೆಸರು ದೂರದವರಿಗೂ ಪರಿಚಿತ. ಇಲ್ಲಿಯ ಮನೆಗಳ ಅಂಗಳದಲ್ಲಿ ಎತ್ತರದ ಮೈಕಟ್ಟಿನ, ಅಗಲ ಗಾಲಿಯ ‘ಎಸ್‌ಯುವಿ’ ಮೋಟಾರೊಂದು ನಿಂತಿರುವುದು ಈಗ ಅಪರೂಪವಲ್ಲ. ಮಗಳು ಓದುವುದು ಬೆಂಗಳೂರಿನಲ್ಲಿ, ಅಜ್ಜನ ಮನೆ ಹಾಸನದ ಆಚೆಗೆ ಎಂದಾದರೆ ಶಿರಾಡಿ ಘಾಟಿಯನ್ನು ವರ್ಷದಲ್ಲಿ ಹಲವು ಸಲ ಏರಲೇಬೇಕಷ್ಟೆ. ಏಳು ಮಂದಿ, ಅವರ ಗಂಟುಮೂಟೆ, ಜೊತೆಗೆ ಊರಿನದೆಂದು ಒಂದು ಹಲಸಿನ ಹಣ್ಣು! ಗುಂಡ್ಯ ದಾಟಿ ಏರು ಮೊದಲಾಯಿತೆಂದರೆ, ಮುಂದೆ ತೆವಳುವ ಲಾರಿಯನ್ನು ಹಿಂದಿಕ್ಕಲು ಎಂಜಿನ್ನಿಗೆ ಇನ್ನಿಷ್ಟು ಕಸುವು ಇರಬಾರದಿತ್ತೆ ಎಂದು ಗೃಹಸ್ಥನ ಮನಸ್ಸು ಹಂಬಲಿಸುತ್ತದೆ.

ಈ ಹಂಬಲಕ್ಕೆ ಮದ್ದು ಕೊಡುತ್ತೇವೆನ್ನುವವರು ಈಗ ಎರಡು ಬಗೆಯಾಗಿ ದೊರೆಯುತ್ತಾರೆ. ಒಬ್ಬನು ಮೋಟಾರಿನ ಹೆಸರು, ವರ್ಷ, ಎಂಜಿನ್ನಿನ ಗಾತ್ರಗಳನ್ನಷ್ಟೇ ಕೇಳಿಕೊಂಡು, ಎಂಜಿನ್ನಿನ ಗಣಕಕ್ಕೆ ಬೇಕಾದ ಹೊಸ ಪಾಠವನ್ನು ಸಿದ್ಧವಾಗಿಯೇ ಕಳುಹಿಸುತ್ತಾನೆ. ಇನ್ನೊಬ್ಬನು ಮೋಟಾರನ್ನು ತನ್ನಲ್ಲಿಗೇ ತರಿಸಿಕೊಂಡು, ಓಡಿಸಿ, ಅಳೆದು, ಅದಕ್ಕೆಂದೇ ಪಾಠ ಬರೆಯುತ್ತಾನೆ. ಮೊದಲನೆಯದು ಅಗ್ಗ, ಎರಡನೆಯದಕ್ಕೆ ಹಣವೂ ಹೆಚ್ಚು, ಸಮಯವೂ ಹೆಚ್ಚು. ಹಿಂದೆ ಪತ್ರಿಕೆಗಳ ಹಿಂಬದಿಯ ಪುಟಗಳಲ್ಲಿ ಸಕಲ ರೋಗಕ್ಕೂ ಒಂದೇ ಗುಳಿಗೆಯನ್ನು ವಿ.ಪಿ.ಪಿ. ಮೂಲಕ ಕಳುಹಿಸುವ ಜಾಹೀರಾತುಗಳು ಬರುತ್ತಿದ್ದುದನ್ನು ಹಿರಿಯ ವಾಚಕರು ಬಲ್ಲರು. ನಾಡಿ ಹಿಡಿದು ನೋಡುವ ವೈದ್ಯರೂ ಅದೇ ಕಾಲದಲ್ಲಿ ಇದ್ದರು. ಇಲ್ಲಿಯ ಆಯ್ಕೆಯೂ ಬಹುಮಟ್ಟಿಗೆ ಅಂಥದೇ.

ಗಣಕವಿಲ್ಲದ ಕಾಲದಲ್ಲಿಯೂ ಈ ಕೆಲಸ ಇರಲಿಲ್ಲವೆಂದಲ್ಲ. 1951ರಲ್ಲಿ ಸ್ಥಾಪನೆಯಾದ, ಜನರ ಬಾಯಲ್ಲಿ ‘ಮೈಕೊ’ ಎಂದೇ ಹೆಸರಾಗಿ, 2008ರಲ್ಲಿ ಬಾಷ್ ಲಿಮಿಟೆಡ್ ಎಂದು ನಾಮಾಂತರ ಹೊಂದಿದ ಸಂಸ್ಥೆಯ ಡೀಸೆಲ್ ಪಂಪುಗಳು ನಾಡಿನ ಲಾರಿ ಬಸ್ಸುಗಳನ್ನೆಲ್ಲ ಓಡಿಸಿದವು. ಪಂಪು ಕೆಟ್ಟರೆ ಅದನ್ನು ಬಿಚ್ಚಿ, ಪರೀಕ್ಷೆಯ ಮೇಜಿಗೆ ಏರಿಸಿ, ಪ್ರತಿಯೊಂದು ನಳಿಗೆಯಿಂದ ಬೀಳುವ ಎಣ್ಣೆಯನ್ನು ಗೀಟು ಹಾಕಿದ ಗಾಜಿನ ಕೊಳವೆಗಳಲ್ಲಿ ಹಿಡಿದು, ಎಲ್ಲವೂ ಸಮವಾಗುವವರೆಗೆ ತಿರುಪನ್ನು ತಿರುಗಿಸುವುದು ಆಗಿನ ಪದ್ಧತಿ. ಅಳತೆಯ ಗೊಡವೆಯಿಲ್ಲದೆ ತಿರುಪನ್ನು ಒಂದು ಸುತ್ತು ಹೆಚ್ಚು ತಿರುಗಿಸಿ, ಕರಿಯ ಹೊಗೆಯನ್ನೇ ಶಕ್ತಿಯೆಂದು ನಂಬಿಸಿ ಕಳುಹಿಸುವ ಕೈಗಳೂ ಇದ್ದವು.

ಈಗ ಆ ತಿರುಪಿನ ಜಾಗದಲ್ಲಿ ಅಂಕಿಗಳ ಕೋಷ್ಟಕಗಳಿವೆ. ಇಷ್ಟು ವೇಗದಲ್ಲಿ, ಪೆಡಲನ್ನು ಇಷ್ಟು ಒತ್ತಿದಾಗ, ಎಷ್ಟು ಡೀಸೆಲ್ಲನ್ನು ಯಾವ ಕ್ಷಣದಲ್ಲಿ ಚಿಮ್ಮಿಸಬೇಕು, ಟರ್ಬೋ ಎಷ್ಟು ಗಾಳಿ ಒತ್ತಬೇಕು ಎಂಬುದೆಲ್ಲ ಗಣಕದ ಸ್ಮೃತಿಯಲ್ಲಿ ಬರೆದಿರುತ್ತದೆ. ತಯಾರಕರು ಈ ಕೋಷ್ಟಕಗಳಲ್ಲಿ ಧಾರಾಳವಾಗಿ ಅಂಚು ಬಿಟ್ಟಿರುತ್ತಾರೆ. ರಾಜಸ್ಥಾನದ ಬಿಸಿಲು, ಲಡಾಖಿನ ಎತ್ತರ, ಕಳಪೆ ಡೀಸೆಲ್, ಕಾಲಕ್ಕೆ ಸರಿಯಾಗಿ ಎಣ್ಣೆ ಬದಲಿಸದ ಯಜಮಾನ, ಇಷ್ಟನ್ನೂ ಅದೇ ಎಂಜಿನ್ನು ತಾಳಬೇಕಲ್ಲ! ಟ್ಯೂನ್ ಎಂದರೆ ಆ ಅಂಚನ್ನು ಕೊರೆದು ತಿನ್ನುವುದು. ತಿಂದರೂ ಉಳಿದೀತು ಎಂಬುದು ಹಲವು ಸಲ ನಿಜವೂ ಹೌದು. ಎಷ್ಟು ಉಳಿದಿದೆಯೆಂದು ನೋಡಿದವರು ಯಾರು ಎಂಬುದೇ ಪ್ರಶ್ನೆ.

‘ಅದೇ ಎಂಜಿನ್ನು, ಕಂಪನಿಯೇ ಬೇರೆ ಮಾದರಿಯಲ್ಲಿ ಹೆಚ್ಚು ಶಕ್ತಿ ಕೊಟ್ಟಿದೆ’ ಎಂಬುದು ಮಾರುವವರ ಮೆಚ್ಚಿನ ವಾದ. 2012ರಲ್ಲಿ ಬಂದ ರೆನೋ ಡಸ್ಟರ್ ಇದಕ್ಕೆ ಒಳ್ಳೆಯ ಪಾಠ. ಒಂದೇ 1461 ಸಿ.ಸಿ. ಡೀಸೆಲ್ ಎಂಜಿನ್ನು 85 ಅಶ್ವಶಕ್ತಿಯದೂ 110 ಅಶ್ವಶಕ್ತಿಯದೂ ಆಗಿ ಮಾರಾಟವಾಯಿತು. ಆದರೆ 110ರ ಮಾದರಿಗೆ ಟರ್ಬೋ ಬೇರೆ ಜಾತಿಯದು, ಗೇರುಪೆಟ್ಟಿಗೆಯೂ ಬೇರೆ. ಕೇವಲ ಅಂಕಿ ತಿದ್ದಿ 85ನ್ನು 110 ಮಾಡಹೊರಟವನು, ದೊಡ್ಡಣ್ಣನ ಹೊರೆಯನ್ನು ಚಿಕ್ಕವನ ಹೆಗಲಿಗೆ ಹೊರಿಸಿದಂತಾಯಿತು. ನಮ್ಮ ಬಿಡದಿಯಲ್ಲಿಯೇ ತಯಾರಾಗುವ ಟೊಯೊಟಾ ಫಾರ್ಚುನರ್ 2016ರಲ್ಲಿ 177 ಅಶ್ವಶಕ್ತಿಯದಾಗಿತ್ತು. 2021ರಲ್ಲಿ ಅದೇ 2.8 ಲೀಟರ್ ಎಂಜಿನ್ನು 204 ಆಯಿತು. ಅಷ್ಟಕ್ಕೆ ಕಂಪನಿಯು ಟರ್ಬೋವನ್ನೇ ಹೊಸದಾಗಿ ರೂಪಿಸಬೇಕಾಯಿತು. ಇನ್ನೂ ಸ್ವಾರಸ್ಯವೆಂದರೆ, ತಾನೇ ಗೇರು ಬದಲಿಸುವ ಮಾದರಿಗೆ 500 ನ್ಯೂಟನ್ ಮೀಟರ್ ತಿರುಚುಬಲ ಕೊಟ್ಟವರು, ಕೈಯಿಂದ ಗೇರು ಹಾಕುವ ಮಾದರಿಗೆ 420ರಲ್ಲೇ ನಿಲ್ಲಿಸಿದರು. ಎಂಜಿನ್ನು ಕೊಡಬಲ್ಲುದನ್ನೆಲ್ಲ ಕೊಡಿಸುವುದು ತಯಾರಕರ ಲೆಕ್ಕವಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಅಂಚೆಯ ಮದ್ದಿನಲ್ಲಿ ತೀರ ಅಗ್ಗದ್ದು ಒಂದು ಪುಟ್ಟ ಪೆಟ್ಟಿಗೆ. ಡೀಸೆಲ್ಲನ್ನು 1600ರಿಂದ 2000 ಬಾರ್‌ಗಳಷ್ಟು ಭಾರೀ ಒತ್ತಡದಲ್ಲಿ ಹಿಡಿದಿಡುವ ಕೊಳವೆಗೆ ಒಂದು ಮಾಪಕವಿರುತ್ತದೆ. ಈ ಪೆಟ್ಟಿಗೆ ಮಾಪಕಕ್ಕೂ ಗಣಕಕ್ಕೂ ನಡುವೆ ಕುಳಿತು, ಒತ್ತಡ ಇರುವುದಕ್ಕಿಂತ ಕಡಿಮೆಯಿದೆಯೆಂದು ಸುಳ್ಳು ವರದಿ ಕೊಡುತ್ತದೆ. ಗಣಕ ನಂಬಿ ಒತ್ತಡವನ್ನು ಏರಿಸುತ್ತದೆ. ಮನೆಯಲ್ಲಿ ಜ್ವರದ ಮಾಪಕವೇ ಸುಳ್ಳು ಹೇಳತೊಡಗಿದರೆ ಏನಾದೀತು? ಇದಕ್ಕಿಂತ ಮೇಲಾದುದು ಸಿದ್ಧ ಕಡತ. ಸ್ಟಿಯರಿಂಗಿನ ಕೆಳಗಿನ ಕಿಂಡಿಗೆ ಯಂತ್ರ ಜೋಡಿಸಿ ಮೂಲ ಕೋಷ್ಟಕಗಳನ್ನು ಓದಿ, ದೂರದಲ್ಲಿರುವವನಿಗೆ ಕಳುಹಿಸಿದರೆ, ಆತ ಅದೇ ಮಾದರಿಗೆಂದು ಮೊದಲೇ ಸಿದ್ಧಪಡಿಸಿಟ್ಟ ತಿದ್ದುಪಡಿಯನ್ನು ಸೇರಿಸಿ ಹಿಂದಿರುಗಿಸುತ್ತಾನೆ. ಕುಶಲಿಯೊಬ್ಬನು ಮಿತವಾಗಿ ಬರೆದುದಾದರೆ, ಆರೋಗ್ಯವಂತ ಎಂಜಿನ್ನಿನಲ್ಲಿ ಅದು ಚೆನ್ನಾಗಿಯೇ ನಡೆಯಬಹುದು. ಇದನ್ನು ಒಪ್ಪದೆ ಗತಿಯಿಲ್ಲ.

ಆದರೆ ಆ ಕಡತಕ್ಕೆ ಗೊತ್ತಿರುವುದು ಮಾದರಿಯೇ ಹೊರತು ಮೋಟಾರಲ್ಲ. ಲಕ್ಷ ಕಿಲೋಮೀಟರು ಓಡಿ ಇಂಜೆಕ್ಟರುಗಳು ಸವೆದಿವೆಯೆ, ಕ್ಲಚ್ಚು ಜಾರುತ್ತಿದೆಯೆ ಎಂಬುದನ್ನು ಅದು ಕೇಳುವುದಿಲ್ಲ. ಸುರತ್ಕಲ್ಲಿನ ಸಮತಟ್ಟಾದ ಹೆದ್ದಾರಿಯಲ್ಲಿ ಹತ್ತು ಕ್ಷಣ ಪೆಡಲು ಒತ್ತಿ ನೋಡಿದವನಿಗೆ ಎಲ್ಲವೂ ಸೊಗಸೇ. ಘಾಟಿಯ ಪರೀಕ್ಷೆ ಬೇರೆ. ಕರಾವಳಿಯ ಬಿಸಿ ಗಾಳಿಯನ್ನು ನುಂಗುತ್ತ ಹೊರಟ ಎಂಜಿನ್ನು ಸಕಲೇಶಪುರ ಮುಟ್ಟುವಾಗ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುತ್ತದೆ. ಅಲ್ಲಿಯ ವಾಯುವಿನ ಒತ್ತಡ ಮಂಗಳೂರಿಗಿಂತ ಸುಮಾರು ಶೇಕಡಾ 10ರಷ್ಟು ಕಡಿಮೆ. ಅಷ್ಟೇ ಗಾಳಿಯನ್ನು ಒದಗಿಸಲು ಟರ್ಬೋ ಇನ್ನೂ ಜೋರಾಗಿ ತಿರುಗಬೇಕು. ತಯಾರಕರು ಇದಕ್ಕೆ ಮಿತಿ ಹಾಕಿರುತ್ತಾರೆ. ಅಜಾಗರೂಕನೊಬ್ಬನು ಆ ಮಿತಿಯನ್ನೂ ಸಡಿಲಿಸಿದ್ದರೆ, ತುಂಬಿದ ಹೊರೆ, ಕೆಳಗಿನ ಗೇರು, ನಿಧಾನ ವೇಗ, ಬಹಳ ಹೊತ್ತಿನ ಏರು ಇವೆಲ್ಲ ಕೂಡಿ ಹೊರಬೀಳುವ ಅನಿಲದ ಶಾಖ ಏರುತ್ತಲೇ ಹೋಗುತ್ತದೆ. ಟರ್ಬೋ ಕೈಕೊಡುವುದು ಇಂಥ ಹೊತ್ತಿನಲ್ಲಿ. ಮಳೆಗಾಲದ ಕತ್ತಲಲ್ಲಿ, ಹೆಂಡತಿ ಮಕ್ಕಳು ಒಳಗಿರುವಾಗ.

ನಾಡಿ ಹಿಡಿಯುವವನ ರೀತಿ ಹೀಗೆ: ಮೊದಲು ಮೋಟಾರನ್ನು ಉರುಳೆಗಳ ಮೇಲೆ ನಿಲ್ಲಿಸಿ, ಇಲ್ಲವೆ ರಸ್ತೆಯಲ್ಲೇ ಓಡಿಸಿ, ಟರ್ಬೋ ಒತ್ತಡ, ಕೊಳವೆಯ ಒತ್ತಡ, ಗಾಳಿಯ ಶಾಖ, ಪ್ರತಿಯೊಂದು ಇಂಜೆಕ್ಟರಿನ ಹೊಂದಾಣಿಕೆ ಇವನ್ನೆಲ್ಲ ದಾಖಲಿಸಿಕೊಳ್ಳುತ್ತಾನೆ. ಸ್ವಲ್ಪ ತಿದ್ದಿ, ಮತ್ತೆ ಓಡಿಸಿ, ಮತ್ತೆ ನೋಡುತ್ತಾನೆ. ಹೊಗೆ ಕಂಡರೆ ಹಿಂದೆ ಸರಿಯುತ್ತಾನೆ. ಎಂಜಿನ್ನಿಗಿಂತ ಕ್ಲಚ್ಚು ದುರ್ಬಲವಾಗಿದ್ದರೆ ತಿರುಚುಬಲವನ್ನು ಅಲ್ಲಿಗೇ ಮಿತಿಗೊಳಿಸುತ್ತಾನೆ.

ಇಲ್ಲೊಂದು ಎಚ್ಚರಿಕೆ ಬೇಕು. ಫಲಕದಲ್ಲಿ ‘ಕಸ್ಟಮ್’ ಎಂದು ಬರೆದವರೆಲ್ಲ ನಾಡಿ ಹಿಡಿಯುವವರಲ್ಲ. ಕಡತವನ್ನು ಓದಿ, ಗುಟ್ಟಾಗಿ ಬೇರೆಲ್ಲಿಗೋ ಕಳುಹಿಸಿ, ಗಿರಾಕಿ ಚಹಾ ಮುಗಿಸುವುದರೊಳಗೆ ಬಂದ ಸಿದ್ಧ ಮದ್ದನ್ನೇ ತುಂಬಿ, ಬೆಲೆಯನ್ನು ಮಾತ್ರ ವೈದ್ಯನದು ಪಡೆಯುವುದುಂಟು. ಇದಕ್ಕೆ ವಿರುದ್ಧವಾಗಿ, ದೂರದಲ್ಲಿದ್ದೂ ಓಟದ ದಾಖಲೆಗಳನ್ನು ತರಿಸಿಕೊಂಡು ಎರಡು ಮೂರು ಬಾರಿ ತಿದ್ದಿ ಕಳುಹಿಸುವ ಪ್ರಾಮಾಣಿಕನೂ ಇದ್ದಾನೆ. ಮದ್ದು ಅಂಚೆಯಲ್ಲಿ ಬಂದಿತೇ ಎದುರಿಗೇ ಅರೆದದ್ದೇ ಎಂಬುದಕ್ಕಿಂತ, ಕೊಟ್ಟವನು ಮೊದಲು ಅಳೆದನೇ, ಕೊಟ್ಟ ಮೇಲೂ ಅಳೆದನೇ ಎಂದು ಕೇಳುವುದು ಲೇಸು. ಎರಡೂ ಅಳತೆಗಳ ನಕಲು ಮತ್ತು ಮೂಲ ಕಡತದ ಪ್ರತಿ ಕೈಗೆ ಬಾರದೆ ಹಣ ಎಣಿಸಬೇಕಾಗಿಲ್ಲ.

ಇನ್ನು ಕಾನೂನಿನ ಮಾತು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯಂತೆ, ನೋಂದಣಿ ಪತ್ರದ ವಿವರಗಳು ತಯಾರಕರು ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಲಾಗದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಕಟ್ಟುನಿಟ್ಟಾಗಿಯೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ, ಒಪ್ಪಿಗೆಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸವನ್ನು ಸೇರಿಸಿತು. ಗಣಕದೊಳಗಿನ ಅಂಕಿ ಯಾರ ಕಣ್ಣಿಗೂ ಬೀಳದೆಂಬ ಧೈರ್ಯ ಕೆಲವರಿಗೆ. ಕಂಪನಿಯ ಕಾರ್ಯಾಗಾರದ ಯಂತ್ರಕ್ಕೆ ಅದು ಕಾಣಬಹುದು, ಖಾತರಿ ಅಲ್ಲಿಗೆ ಮುಗಿಯಬಹುದು. ಅಪಘಾತವಾದರೆ ವಿಮೆಯವರು ತಕರಾರು ಎತ್ತಬಹುದು. 2020ರ ಏಪ್ರಿಲ್ 1ರಿಂದ ಬಂದ ಬಿ.ಎಸ್. 6 ಡೀಸೆಲ್ ಮೋಟಾರುಗಳಲ್ಲಿ ಮಸಿಯನ್ನು ಹಿಡಿದು ಸುಡುವ ಸೋಸುಕವೂ ಇರುವುದರಿಂದ, ಹೆಚ್ಚು ಡೀಸೆಲ್ ಉಣಿಸಿದಷ್ಟೂ ಅದು ಬೇಗ ಕಟ್ಟಿಕೊಳ್ಳುತ್ತದೆ. ಖಾತರಿ ಉಳಿದಿರುವ ಸಂಸಾರದ ಮೋಟಾರಿಗೆ ಎರಡೂ ಮದ್ದು ಬೇಡವೆಂದೇ ಹೇಳಬೇಕು.

ಹಳೆಯ ಮೋಟಾರಿನ ಯಜಮಾನರು ಮೊದಲನೆಯ ಅಳತೆಯನ್ನಷ್ಟೇ ಮಾಡಿಸಿ ನೋಡುವುದು ಅಗ್ಗದ ಕೆಲಸ. ಅನೇಕ ಸಲ ಅಲ್ಲಿಯೇ ಬೇರೊಂದು ಸಂಗತಿ ಬಯಲಾಗುತ್ತದೆ: ಕಂಪನಿ ಹೇಳಿದ ಶಕ್ತಿಯೇ ಮೋಟಾರಿನಲ್ಲಿ ಉಳಿದಿರುವುದಿಲ್ಲ. ಟರ್ಬೋದಿಂದ ಗಾಳಿ ತರುವ ರಬ್ಬರು ಕೊಳವೆ ಹಿಡಿಕೆಯ ಬಳಿ ಸೀಳಿರುತ್ತದೆ; ಗಾಳಿಯ ಸೋಸುಕದಲ್ಲಿ ಎರಡು ಬೇಸಗೆಯ ಕೆಂಪು ಧೂಳು ತುಂಬಿರುತ್ತದೆ; ಒಳದಾರಿಯಲ್ಲಿ ಮಸಿ ಗಟ್ಟಿಯಾಗಿ ಕುಳಿತಿರುತ್ತದೆ. ಅವನ್ನು ಸರಿಪಡಿಸಿಕೊಂಡು ಗುಂಡ್ಯದ ಏರಿಗೆ ಮತ್ತೊಮ್ಮೆ ಹೋದಾಗ, ಲಾರಿಯನ್ನು ದಾಟಲು ಮೂರನೆಯ ಗೇರೇ ಸಾಕಾಗುತ್ತದೆ.