ಕಾಫಿ ಲೆಕ್ಕ ಬೇರೆ, ಹೋಂಸ್ಟೇ ಲೆಕ್ಕ ಬೇರೆ

ಮೂಡಿಗೆರೆ, ಕಳಸದ ಕಡೆಯ ಕಾಫಿ ತೋಟಗಳ ಗೇಟುಗಳಲ್ಲಿ ಈಗ ‘ಹೋಂಸ್ಟೇ’ ಫಲಕಗಳೂ ಕಾಣುತ್ತವೆ. ಮನೆ ಒಂದೇ, ಯಜಮಾನರೂ ಒಬ್ಬರೇ. ಆದರೆ ಆದಾಯ ತೆರಿಗೆಯ ದೃಷ್ಟಿಯಲ್ಲಿ ಅಲ್ಲಿರುವುದು ಎರಡು ಕಸುಬು.

ಹಿಂದೆ ಬೆಳೆಗಾರರು ತಮ್ಮ ಕಾಫಿಯನ್ನು ಕಾಫಿ ಮಂಡಳಿಗೆ ಒಪ್ಪಿಸಬೇಕಿತ್ತು. ಎಷ್ಟು ಕೊಟ್ಟರು, ಎಷ್ಟು ಹಣ ಬಂತು ಎಂಬ ಲೆಕ್ಕ ಮಂಡಳಿಯಲ್ಲೇ ಇರುತ್ತಿತ್ತು. 1992ರಿಂದ ಸಡಿಲಗೊಂಡ ಆ ಪದ್ಧತಿ 1996ರಲ್ಲಿ ಕೊನೆಗೊಂಡಿತು. ಮಾರುವ ಸ್ವಾತಂತ್ರ್ಯದ ಜೊತೆಗೆ ಲೆಕ್ಕ ಇಡುವ ಹೊಣೆಯೂ ಬೆಳೆಗಾರರ ಹೆಗಲೇರಿತು.

ನಿಯಮ ಕಷ್ಟದ್ದೇನಲ್ಲ. ಬೆಳೆದ ಕಾಫಿಯನ್ನು ಒಣಗಿಸಿ ಹಾಗೆಯೇ ಮಾರಿದರೆ ಅದು ಕೃಷಿ ಆದಾಯ. ಕೇಂದ್ರದ ಆದಾಯ ತೆರಿಗೆ ಇಲ್ಲ. ತಾವೇ ಕ್ಯೂರಿಂಗ್ ಮಾಡಿಸಿ ಮಾರಿದರೆ ಆ ಆದಾಯದ ಶೇ. 25, ಹುರಿದು ಪುಡಿ ಮಾಡಿ ಮಾರಿದರೆ ಶೇ. 40 ಭಾಗ ವ್ಯಾಪಾರದ ಆದಾಯ. ಅತಿಥಿಗಳಿಗೆ ಊಟ, ವಸತಿ ಕೊಟ್ಟು ಪಡೆದ ಹಣವಂತೂ ತೋಟದೊಳಗೇ ಬಂದರೂ ಕೃಷಿ ಆದಾಯವಲ್ಲ.

ತಪ್ಪು ನಡೆಯುವುದು ಇಲ್ಲಿಯೇ. ಕೋಣೆಯ ಬಾಡಿಗೆಯನ್ನು ಕಾಫಿ ಮಾರಿದ ಹಣವೆಂದು ತೋರಿಸುವುದು. ಮರಗಸಿಯ ಕೂಲಿ, ಗೊಬ್ಬರದ ಬಿಲ್ಲು, ಮಕ್ಕಳ ಶಾಲೆಯ ಫೀಸನ್ನೂ ಹೋಂಸ್ಟೇ ಖರ್ಚಿಗೆ ಸೇರಿಸುವುದು. ಬಂದದ್ದು ಕಾಫಿಗೆ, ಹೋದದ್ದು ಹೋಂಸ್ಟೇಗೆ! ಆದರೆ ಬ್ಯಾಂಕುಗಳಿಂದ, ಇತರ ಸಂಸ್ಥೆಗಳಿಂದ ಬಂದ ಹಲವು ವಿವರಗಳು 2021ರಿಂದ ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಸಿಗುತ್ತಿವೆ. ಬೇಕೆಂದೇ ತಪ್ಪು ವಿವರ ಕೊಟ್ಟದ್ದು ಸಾಬೀತಾದರೆ, ತಪ್ಪಿಸಿದ ತೆರಿಗೆಯ ಶೇ. 200ರಷ್ಟು ದಂಡ ಬೀಳಬಹುದು.

ವಿದ್ಯಾರ್ಥಿಗಳಿಗೆ ಇದರಿಂದ ಏನು ಎನ್ನಬೇಡಿ. ಮಗಳ ಓದಿಗೆ ದೊಡ್ಡ ಸಾಲ ಕೇಳಿದಾಗ ಬ್ಯಾಂಕಿನವರು ಸಾಮಾನ್ಯವಾಗಿ ತಂದೆ ತಾಯಿಯ ರಿಟರ್ನ್ಸ್ ನೋಡುತ್ತಾರೆ. ಅಲ್ಲಿ ಆದಾಯವನ್ನು ಅಡಗಿಸಿಟ್ಟವರು ಇಲ್ಲಿ ಸಾಲ ತೀರಿಸುವ ಶಕ್ತಿ ಇದೆಯೆಂದು ಹೇಗೆ ತೋರಿಸಿಯಾರು? ಇನ್ನೊಂದು ಮಾತು. ಆದಾಯ ಕಡಿಮೆ ತೋರಿಸಿ ಪ್ರಮಾಣಪತ್ರ ಪಡೆದು ವಿದ್ಯಾರ್ಥಿವೇತನ ಗಿಟ್ಟಿಸಿದರೆ, ಅದೇ ತೋಟದಲ್ಲಿ ಹಣ್ಣು ಕೊಯ್ಯುವವರ ಮಗುವಿಗೆ ಸಲ್ಲಬೇಕಾದದ್ದು ಕೈತಪ್ಪಬಹುದು.

ದಾರಿ ಸರಳ. ತೋಟಕ್ಕೊಂದು, ಹೋಂಸ್ಟೇಗೊಂದು ಪುಸ್ತಕ ಇಡಿ. ಬ್ಯಾಂಕ್ ಖಾತೆಗಳೂ ಎರಡಿರಲಿ. ಕರೆಂಟಿನಂಥ ಎರಡಕ್ಕೂ ಸೇರಿದ ಖರ್ಚನ್ನು ಬಳಕೆಗೆ ತಕ್ಕಂತೆ ಹಂಚಿ, ಹಂಚಿದ್ದು ಹೇಗೆಂದು ಬರೆದಿಡಿ. ಮನೆಯಲ್ಲಿ ಕಾಮರ್ಸ್ ಓದುವ ಮಕ್ಕಳಿದ್ದರೆ ಪುಸ್ತಕವನ್ನು ಅವರ ಕೈಗೇ ಕೊಡಿ. ಪಾಠದಲ್ಲಿ ಓದಿದ ಜಮಾ ಖರ್ಚು ಮನೆಯಲ್ಲೇ ಅಭ್ಯಾಸವಾಗುತ್ತದೆ. ಮಕ್ಕಳು ಬರೆಯುವ ಪುಸ್ತಕದಲ್ಲಿ ಸುಳ್ಳು ಬರೆಸಲು ಹಿರಿಯರ ಮನಸ್ಸೂ ಹಿಂಜರಿಯುತ್ತದೆ.